ಪುಟ್ಟ ರೋಲ್‌ಪ್ಲೇಯಿಂಗ್ ಆಟದ ಪ್ರಕಾಶನ: 500 ಪ್ರತಿಯಲ್ಲಿ 290 ಉಳಿದಿವೆ, ಮುಂದೇನು ಮಾಡಬೇಕು?

ಪ್ರಶ್ನೆ: ಪಗಡೆಹಾಸು

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಗೆಳತಿ ಇಬ್ಬರೇ ಸೇರಿ ಮೈಸೂರಿನಲ್ಲಿ ಒಂದು ಚಿಕ್ಕ ಪ್ರಕಾಶನ ನಡೆಸುತ್ತಿದ್ದೇವೆ. ಕಳೆದ ವರ್ಷ ಕನ್ನಡದಲ್ಲಿಯೇ ಬರೆದ ಒಂದು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟದ ನಿಯಮಪುಸ್ತಕವನ್ನು ಹೊರತಂದೆವು. ಪರಿಚಯವಿಲ್ಲದವರಿಗಾಗಿ ಹೇಳುವುದಾದರೆ, ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ತಲಾ ಒಂದೊಂದು ಪಾತ್ರ ವಹಿಸಿಕೊಂಡು, ಮಾಡಹೊರಟ ಕೆಲಸ ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಉರುಳಿಸಿ ತೀರ್ಮಾನಿಸುತ್ತಾ, ಮಾತಿನಲ್ಲಿಯೇ ಕಥೆ ಬೆಳೆಸುವ ಆಟವಿದು. ತಾಳಮದ್ದಲೆಯಲ್ಲಿ ಅರ್ಥಧಾರಿಗಳ ಮಾತು ಹೇಗೆ ಬಾಯಿಪಾಠವಲ್ಲವೋ ಹಾಗೆ ಎಂದರೆ ಕರಾವಳಿ, ಮಲೆನಾಡಿನವರಿಗೆ ಒಂದೇ ಮಾತಿಗೆ ತಿಳಿಯುತ್ತದೆ. ಆ ಕಾರಣದಿಂದಲೇ ನಾವು ಆಟ ನಡೆಸುವವರನ್ನು ಭಾಗವತರೆಂದೂ ಒಂದೊಂದು ಕಥಾಸನ್ನಿವೇಶವನ್ನು ಪ್ರಸಂಗವೆಂದೂ ಕರೆದಿದ್ದೇವೆ.

ಲೆಕ್ಕ ಹೀಗಿದೆ. ಪುಸ್ತಕ 120 ಪುಟದ್ದು, ಅಚ್ಚಾದದ್ದು 500 ಪ್ರತಿ. ಚಿತ್ರ ಮತ್ತು ಪುಟವಿನ್ಯಾಸಕ್ಕೆ ₹1,10,000 ಕೊಟ್ಟೆವು. ಮುದ್ರಣಕ್ಕೆ ಪ್ರತಿಗೆ ₹160ರಂತೆ ₹80,000 ಆಯಿತು. ಮುಖಬೆಲೆ ₹450. ಹದಿನಾಲ್ಕು ತಿಂಗಳಲ್ಲಿ 210 ಪ್ರತಿಗಳು ಖರ್ಚಾಗಿವೆ. ಅವುಗಳಲ್ಲಿ 90 ಅಂಗಡಿಗಳ ಮೂಲಕ ಶೇ 40ರ ರಿಯಾಯಿತಿಯಲ್ಲಿ ಹೋದವು. ಉಳಿದ 120ನ್ನು ನಾವೇ ಓದುಗರಿಗೆ ನೇರವಾಗಿ ಮಾರಿದೆವು, ಅಂಚೆ ಮತ್ತು ಪ್ಯಾಕಿಂಗ್ ಸೇರಿ ಒಂದೊಂದಕ್ಕೂ ಸುಮಾರು ₹60 ನಮ್ಮ ಕೈಯಿಂದಲೇ ಹೋಯಿತು. ಉಳಿದ 290 ಪ್ರತಿಗಳನ್ನು ಗೆಳತಿಯ ಮನೆಯ ಅಟ್ಟದ ಮೇಲೆ, ಮಳೆಗಾಲದ ತೇವಕ್ಕೆ ರಕ್ಷಾಪುಟ ಸುರುಳಿಗಟ್ಟದಂತೆ ಪ್ಲಾಸ್ಟಿಕ್ ಹೊದಿಸಿ ಇಟ್ಟಿದ್ದೇವೆ.

ನಮಗೆ ಅರ್ಥವಾಗದಿರುವುದು ಇಷ್ಟೇ: ಆಡಿದವರು ಮೆಚ್ಚಿಕೊಳ್ಳುತ್ತಾರೆ, ಆದರೆ ಪುಸ್ತಕ ಮಾತ್ರ ನಿಂತಲ್ಲೇ ನಿಂತಿದೆ. ಬೆಂಗಳೂರಿನ ಒಂದು ಮೇಳದಲ್ಲಿ ಐವರು ಕಾಲೇಜು ಹುಡುಗರು ನಮ್ಮ ಮೇಜಿನಲ್ಲಿ ಎರಡು ಗಂಟೆ ಮನಸಾರೆ ಆಡಿ, ಎದ್ದು ಹೋಗುವಾಗ ತಲಾ ₹90 ಹಾಕಿ ಒಂದು ಪ್ರತಿ ಕೊಂಡರು. ಈಗ ನಮ್ಮ ಮುಂದೆ ಮೂರು ದಾರಿಗಳಿವೆ. ತಪ್ಪುಗಳನ್ನು ತಿದ್ದಿ, ಬಣ್ಣದ ಚಿತ್ರಗಳೊಂದಿಗೆ ಎರಡನೆಯ ಆವೃತ್ತಿ ತರಬಹುದು. ದಾಳ, ನಕ್ಷೆ ಸೇರಿಸಿ ಪೆಟ್ಟಿಗೆಯ ರೂಪದಲ್ಲಿ ಮಾರಬಹುದು. ಕೆಲವರು ಸಲಹೆ ನೀಡಿದಂತೆ, ಇದೇ ಬಗೆಯ ಹೆಸರಾಂತ ಅಮೆರಿಕನ್ ಆಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೆ ಹೊಂದುವ ಇಂಗ್ಲಿಷ್ ಪುಸ್ತಕವೊಂದನ್ನು ಮಾಡಿ ಹೊರದೇಶದ ಓದುಗರನ್ನು ತಲುಪಬಹುದು. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ: ದೂರದ ಮೇಜು

ನಿಮ್ಮ ಬರಹದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಆ ತಲಾ ₹90ರ ಸಂಗತಿ. ಈ ಉದ್ಯಮದ ಮೂಲಭೂತ ಕಷ್ಟ ಅದರಲ್ಲಿಯೇ ಇದೆ. ಕಾದಂಬರಿಯನ್ನು ಐದು ಜನ ಓದಬೇಕಾದರೆ ಎರಡು ಮೂರು ಪ್ರತಿಗಳಾದರೂ ಮಾರಾಟವಾಗುತ್ತವೆ. ಈ ಆಟಕ್ಕೆ ಮೇಜಿಗೊಂದು ಪುಸ್ತಕ ಸಾಕು, ಅದನ್ನು ಕೊಳ್ಳುವವರು ಭಾಗವತರೊಬ್ಬರೇ, ಮತ್ತು ಒಮ್ಮೆ ಕೊಂಡ ಪುಸ್ತಕದಿಂದ ಅವರು ಹತ್ತು ವರ್ಷ ಆಟ ನಡೆಸಬಹುದು. ಆದ್ದರಿಂದ 210 ಪ್ರತಿ ಎಂಬುದನ್ನು ನೀವು 210 ಓದುಗರೆಂದು ನೋಡದೆ 210 ಮೇಜುಗಳೆಂದು ನೋಡಬೇಕು. ಕನ್ನಡದಲ್ಲಿ ಹಿಂದೆ ದಾರಿಯೇ ಇಲ್ಲದ ಆಟಕ್ಕೆ ಅದು ಕಡಿಮೆ ಸಂಖ್ಯೆಯಲ್ಲ.

ನಾನಿರುವುದು ಅಮೆರಿಕದ ಇಂಡಿಯಾನಾದಲ್ಲಿ. ಇಂಡಿಯಾನಾಪೊಲಿಸ್‌ನಲ್ಲಿ ಬೇಸಗೆಯಲ್ಲಿ ನಡೆಯುವ ಜೆನ್ ಕಾನ್ ಮೇಳದಲ್ಲಿ, ಮೂವರೇ ನಡೆಸುವ ಒಂದು ಪ್ರಕಾಶನದ ಮಳಿಗೆಯಲ್ಲಿ ಕೆಲವು ವರ್ಷ ನಿಂತು ಪುಸ್ತಕ ಮಾರಿದ್ದೇನೆ. ಆ ಅನುಭವದ ಮೇಲೆ ಮೊದಲು ನಿಮ್ಮ ಲೆಕ್ಕವನ್ನೇ ನೋಡೋಣ. ಅಂಗಡಿಗಳಿಂದ ನಿಮಗೆ ಬಂದದ್ದು 90 ಪ್ರತಿಗೆ ₹270ರಂತೆ ₹24,300. ನೇರ ಮಾರಾಟದಿಂದ 120 ಪ್ರತಿಗೆ ₹390ರಂತೆ ₹46,800. ಒಟ್ಟು ₹71,100. ಹಾಕಿದ ₹1,90,000ದಲ್ಲಿ ಇನ್ನೂ ₹1,18,900 ಬರಬೇಕು. ಅಟ್ಟದ ಮೇಲಿರುವ 290 ಪ್ರತಿಗಳನ್ನೂ ಒಂದೂ ಬಿಡದೆ ನೀವೇ ನೇರವಾಗಿ ಮಾರಿದರೂ ಬರುವುದು ₹1,13,100. ಅಂದರೆ ಮುದ್ರಣದ ದಿನವೇ, ಹೀಗೆ ಅಂಗಡಿಗಳಿಗೂ ಕೊಟ್ಟರೆ ಪೂರ್ತಿ ಮಾರಾಟವಾದರೂ ಅಸಲು ಹುಟ್ಟದ ಬೆಲೆಯನ್ನು ನೀವು ರಕ್ಷಾಪುಟದ ಮೇಲೆ ಅಚ್ಚು ಹಾಕಿಸಿದ್ದೀರಿ. ಇದರಲ್ಲಿ ನಿಮ್ಮಿಬ್ಬರ ಬರವಣಿಗೆಗೂ ಆಡಿ ನೋಡಿ ತಿದ್ದಿದ ತಿಂಗಳುಗಳಿಗೂ ಒಂದು ರೂಪಾಯಿ ಸೇರಿಲ್ಲ ಎಂಬುದು ನನಗೆ ಬಹಳ ನೋವಿನ ವಿಷಯ.

ಈ ತಪ್ಪು ನಿಮ್ಮೊಬ್ಬರದಲ್ಲ. ಇಲ್ಲಿ ವಿತರಕರು ಸಾಮಾನ್ಯವಾಗಿ ಮುಖಬೆಲೆಯ ಶೇ 40ರಷ್ಟನ್ನು ಮಾತ್ರ ಪ್ರಕಾಶಕರಿಗೆ ಕೊಡುತ್ತಾರೆ. ಉಳಿದದ್ದು ವಿತರಕರಿಗೂ ಅಂಗಡಿಯವರಿಗೂ ಹೋಗುತ್ತದೆ. ಆದುದರಿಂದ ಮುದ್ರಣವೆಚ್ಚದ ಐದು ಪಟ್ಟಿಗಿಂತ ಕಡಿಮೆ ಬೆಲೆ ಇಟ್ಟರೆ ಉಳಿಗಾಲವಿಲ್ಲವೆಂಬ ಮಾತು ಇಲ್ಲಿನ ಚಿಕ್ಕ ಪ್ರಕಾಶಕರಲ್ಲಿ ರೂಢಿಯಲ್ಲಿದೆ. ನಿಮ್ಮದು ಮೂರು ಪಟ್ಟೂ ಇಲ್ಲ. ಅದರ ಮೇಲೆ ವಿತರಕರೇ ಬಿದ್ದುಹೋಗುವ ಅಪಾಯವೂ ಇದೆ: ಅಲಯನ್ಸ್ ಗೇಮ್ ಡಿಸ್ಟ್ರಿಬ್ಯೂಟರ್ಸ್‌ನ ಮಾತೃಸಂಸ್ಥೆಯಾಗಿದ್ದ ಡೈಮಂಡ್ 2025ರ ಜನವರಿಯಲ್ಲಿ ದಿವಾಳಿ ರಕ್ಷಣೆ ಕೋರಿದಾಗ, ಬಾಕಿ ಬರಬೇಕಿದ್ದ ಎಷ್ಟೋ ಸಣ್ಣ ಪ್ರಕಾಶಕರು ನ್ಯಾಯಾಲಯದ ಸಾಲಿನಲ್ಲಿ ನಿಲ್ಲಬೇಕಾಯಿತು.

ಎರಡನೆಯ ಆವೃತ್ತಿಯ ವಿಷಯಕ್ಕೆ ಬರುತ್ತೇನೆ. ದಯವಿಟ್ಟು ಈಗ ಬೇಡ. ಹೊಸ ಆವೃತ್ತಿಯ ಸುದ್ದಿ ಹೊರಬಿದ್ದ ದಿನದಿಂದ ಹಳೆಯದನ್ನು ಯಾರೂ ಮುಟ್ಟುವುದಿಲ್ಲ. 2003ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 3.5 ಆವೃತ್ತಿ ಬಂದಾಗ, ಮೂರನೆಯ ಆವೃತ್ತಿಯನ್ನು ನೆಚ್ಚಿ ಪೂರಕ ಪುಸ್ತಕಗಳನ್ನು ಅಚ್ಚು ಹಾಕಿಸಿದ್ದ ಹತ್ತಾರು ಸಣ್ಣ ಪ್ರಕಾಶಕರ ದಾಸ್ತಾನು ಅಂಗಡಿಗಳಲ್ಲಿ ಹಾಗೆಯೇ ಕೊಳೆಯಿತು. ಅದಕ್ಕೂ ಹಿಂದೆ, ಆ ಆಟವನ್ನು ಹುಟ್ಟುಹಾಕಿದ ಟಿಎಸ್‌ಆರ್ ಸಂಸ್ಥೆ 1990ರ ದಶಕದಲ್ಲಿ ಒಂದರ ಹಿಂದೊಂದರಂತೆ ಬೇರೆ ಬೇರೆ ಕಥಾಲೋಕಗಳನ್ನು ಹೊರತಂದು ತನ್ನ ಓದುಗರನ್ನು ತಾನೇ ಹರಿದು ಹಂಚಿಕೊಂಡಿತು. ಒಂದು ಲೋಕದಲ್ಲಿ ಆಡುವವರು ಇನ್ನೊಂದರ ಪುಸ್ತಕ ಕೊಳ್ಳಲಿಲ್ಲ. ಮಾರಾಟವಾಗದೆ ಮರಳಿ ಬಂದ ಸರಕು, ಏರಿದ ಸಾಲ ಎಲ್ಲವೂ ಸೇರಿ 1997ರಲ್ಲಿ ಆ ಸಂಸ್ಥೆ ವಿಜರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಇನ್ನೊಂದು ಆಟದ ಕಂಪನಿಯ ಕೈಸೇರಿತು. ಅದೇ ಟಿಎಸ್‌ಆರ್ 1974ರಲ್ಲಿ ಆ ಆಟವನ್ನು ಮೊದಲ ಸಲ ಮುದ್ರಿಸಿದ್ದು 1,000 ಪೆಟ್ಟಿಗೆಗಳನ್ನು; ಅಮೆರಿಕದ ಲೇಕ್ ಜಿನೀವಾ ಎಂಬ ಊರಿನಲ್ಲಿ ಮನೆಯಲ್ಲಿಯೇ ಕೂತು ಕೈಯಿಂದ ಜೋಡಿಸಿ ಕಳಿಸುತ್ತಿದ್ದರು. ನಿಮ್ಮ ಅಟ್ಟವನ್ನು ಓದಿದಾಗ ನನಗೆ ಆ ಮನೆ ನೆನಪಾಯಿತು.

ಇಂಗ್ಲಿಷ್ ಪುಸ್ತಕದ ಬಗ್ಗೆ: ಕಾನೂನಿನ ತೊಡಕು ಈಗ ಕಡಿಮೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಿಯಮಗಳನ್ನು ಬೇರೆ ಪ್ರಕಾಶಕರೂ ಬಳಸಲು ಬಿಟ್ಟಿದ್ದ 2000ದ ಮುಕ್ತ ಪರವಾನಗಿಯನ್ನು ಬದಲಿಸುವ ಕರಡು 2023ರ ಜನವರಿಯಲ್ಲಿ ಸೋರಿಕೆಯಾಗಿ ಭಾರೀ ವಿರೋಧ ಎದ್ದ ಮೇಲೆ, ವಿಜರ್ಡ್ಸ್ ಸಂಸ್ಥೆ ಅದೇ ತಿಂಗಳಲ್ಲಿ ತನ್ನ 5.1 ಮೂಲನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲಿ ಬಿಡುಗಡೆ ಮಾಡಿತು. ಹೆಸರು ಸ್ಮರಿಸಿದರೆ ಯಾರು ಬೇಕಾದರೂ ಬಳಸಬಹುದು, ಹಿಂಪಡೆಯಲು ಬರುವುದಿಲ್ಲ. ಆದರೆ ಆ ಸಂತೆಯಲ್ಲಿ ಸಾವಿರಾರು ಪುಸ್ತಕಗಳಿವೆ, ಮತ್ತು ಜನರಿಂದ ಮುಂಗಡ ಹಣ ಕೂಡಿಸುವ ಜಾಲತಾಣವಾದ ಕಿಕ್‌ಸ್ಟಾರ್ಟರ್‌ನಲ್ಲಿ ಭಾರತದ ನಿವಾಸಿಗಳು ತಮ್ಮ ಹೆಸರಿನಲ್ಲಿ ಯೋಜನೆ ಆರಂಭಿಸುವಂತಿಲ್ಲ. ಬೇರೆಯವರ ಹೆಸರಿನಲ್ಲಿ ಮಾಡಿದರೂ ಮುಂಗಡ ಹಣವೆಂಬುದು ಸಾಲವೇ. ಕೇಯಾಸಿಯಂ ಪ್ರಕಾಶನ 1975ರಿಂದ ಇರುವಂಥದ್ದು. ಕಾಲ್ ಆಫ್ ಕ್ಥುಲ್ಹು ಆಟದ ಏಳನೆಯ ಆವೃತ್ತಿಗೆ 2013ರಲ್ಲಿ ಜನರಿಂದ ಐದು ಲಕ್ಷ ಡಾಲರ್‌ಗೂ ಹೆಚ್ಚು ಸಂಗ್ರಹಿಸಿದ ಮೇಲೂ, ಮಾತು ಕೊಟ್ಟ ಹೆಚ್ಚುವರಿ ವಸ್ತುಗಳನ್ನೂ ಸಾಗಣೆಯ ವೆಚ್ಚವನ್ನೂ ನಿಭಾಯಿಸಲಾಗದೆ, 2015ರಲ್ಲಿ ಸ್ಥಾಪಕ ಗ್ರೆಗ್ ಸ್ಟಾಫರ್ಡ್ ಮರಳಿ ಬಂದು ಆಡಳಿತ ವಹಿಸಿಕೊಳ್ಳುವ ಸ್ಥಿತಿಗೆ ಬಂದಿತ್ತು.

ನಿಮಗಿರುವ ದಾರಿ, ನನಗೆ ತೋಚುವ ಮಟ್ಟಿಗೆ, ನಾಲ್ಕನೆಯದು. ಆ 210 ಮೇಜುಗಳಿಗೆ ಮುಂದಿನ ವಾರ ಆಡಲು ಏನಾದರೂ ಕೊಡಿ. ಚಿಕ್ಕ ಪ್ರಸಂಗಗಳನ್ನು ಬರೆಯಿರಿ.

ಉತ್ತರ: ಅಚ್ಚುಮೊಳೆ

ಮೇಲಿನವರು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ನಾನು ಬೆಂಗಳೂರಿನಲ್ಲಿ ಮುದ್ರಣಾಲಯದ ಕೆಲಸದಲ್ಲಿರುವವನು, ಹಾಗಾಗಿ ಆ ಕಡೆಯ ಮಾತುಗಳನ್ನು ಮಾತ್ರ ಸೇರಿಸುತ್ತೇನೆ.

ಒಂದು ದೊಡ್ಡ ಹಾಳೆಯನ್ನು ಅಚ್ಚು ಮಾಡಿ ಮಡಚಿದಾಗ ಸಿಗುವ ಪುಟಗಳ ಕಂತೆಗೆ ನಾವು ಫಾರಂ ಎನ್ನುತ್ತೇವೆ. 120 ಪುಟವೆಂದರೆ 16 ಪುಟಕ್ಕೊಂದು ಫಾರಂನಂತೆ ಏಳೂವರೆ ಫಾರಂ. ಬರವಣಿಗೆಯನ್ನು 112ಕ್ಕೆ ಇಳಿಸಿದ್ದರೆ ಅಥವಾ 128ಕ್ಕೆ ಏರಿಸಿದ್ದರೆ ಲೆಕ್ಕ ಸರಿಹೋಗುತ್ತಿತ್ತು. ಇನ್ನೂ ಮುಖ್ಯವಾದದ್ದು ಬೈಂಡಿಂಗ್. ನಿಯಮಪುಸ್ತಕ ಮೇಜಿನ ಮೇಲೆ ತೆರೆದೇ ಇರಬೇಕಾದ ಪುಸ್ತಕ. ಅಂಟಿನ ಬೈಂಡಿಂಗ್ ಅದನ್ನು ತಾಳುವುದಿಲ್ಲ. ಹಿಂದೊಮ್ಮೆ ನಾವು ಹಾರ್ಮೋನಿಯಂ ಪಾಠದ ಪುಸ್ತಕವೊಂದನ್ನು ಹಾಗೆ ಮಾಡಿಕೊಟ್ಟೆವು. ಎದುರಿಗಿಟ್ಟು ನೋಡಲು ವಿದ್ಯಾರ್ಥಿಗಳು ಅಂಗೈಯಿಂದ ಒತ್ತಿ ಒತ್ತಿ, ಮೂರೇ ತಿಂಗಳಲ್ಲಿ ನಡುವಿನ ಹಾಳೆಗಳು ಕಳಚಿ ಬಂದವು. ನಿಯಮಪುಸ್ತಕಕ್ಕೆ ಹೊಲಿಗೆ ಹಾಕಿಸಿ. 32 ಪುಟದ ಪ್ರಸಂಗಕ್ಕೆ ಸೆಂಟರ್ ಪಿನ್ ಸಾಕು. ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ, ಖರ್ಚೂ ಕಡಿಮೆ, ಲಕೋಟೆಯಲ್ಲಿ ಹಿಡಿಸುತ್ತದೆ.

ಪೆಟ್ಟಿಗೆಯ ಆಸೆ ಎಲ್ಲರಿಗೂ ಇರುತ್ತದೆ, ಕೈಗೆತ್ತಿಕೊಂಡರೆ ಚೆನ್ನಾಗಿಯೂ ಕಾಣುತ್ತದೆ. ಆದರೆ ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಅದೇ ಪುಸ್ತಕವನ್ನು ದಾಳ, ನಕ್ಷೆಗಳ ಜೊತೆಗೆ ಒಂದೇ ಬೆಲೆಗೆ ಮಾರಿದರೆ ಅದು ಮಿಶ್ರ ಪೂರೈಕೆಯೆಂದು ಪರಿಗಣಿತವಾಗಿ, ಅದರಲ್ಲಿರುವ ವಸ್ತುಗಳಲ್ಲಿ ಯಾವುದಕ್ಕೆ ತೆರಿಗೆ ಹೆಚ್ಚೋ ಆ ದರ ಇಡೀ ಪೆಟ್ಟಿಗೆಗೆ ಬೀಳುತ್ತದೆ. ಬರೀ ಪುಸ್ತಕ ಮಾರುವವರೆಗೆ ನೋಂದಣಿಯ ಗೊಡವೆ ಇರುವುದಿಲ್ಲ. ಪೆಟ್ಟಿಗೆಯನ್ನು ಆನ್‌ಲೈನ್ ಮಾರುಕಟ್ಟೆಗೆ ಹಾಕುವ ಮೊದಲು ನಿಮ್ಮ ಆಡಿಟರನ್ನು ಒಂದು ಮಾತು ಕೇಳಿ. ದಾಳವನ್ನು ಮಾಮೂಲಿ ಆರು ಮುಖದ್ದಕ್ಕೇ ಸೀಮಿತಗೊಳಿಸಿದರೆ ಜನ ಮನೆಯ ಲೂಡೋ ಡಬ್ಬಿಯಿಂದ ತೆಗೆದುಕೊಳ್ಳುತ್ತಾರೆ.

ಅಂಚೆಯ ವಿಷಯದಲ್ಲಿ ಚಿಕ್ಕ ಪ್ರಕಾಶಕರಿಗೆಲ್ಲ ಪೆಟ್ಟು ಬಿದ್ದದ್ದು 2024ರ ಡಿಸೆಂಬರ್‌ನಲ್ಲಿ, ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆಯನ್ನು ನಿಲ್ಲಿಸಿದಾಗ. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಬಂದಿದೆ. 300 ಗ್ರಾಂವರೆಗೆ ₹20ರಿಂದ ಆರಂಭವಾಗಿ 5 ಕಿಲೋಗೆ ₹100ರವರೆಗಿನ ದರವೆಂದು ಪ್ರಕಟಿಸಿದ್ದರು. ಶೈಕ್ಷಣಿಕ, ಸಾಂಸ್ಕೃತಿಕ ಪುಸ್ತಕಗಳಿಗೆ ಮೀಸಲಾದ ಸೇವೆಯಾದ್ದರಿಂದ ಒಂದು ಪ್ರತಿಯನ್ನು ಕೈಯಲ್ಲಿ ಹಿಡಿದು ಹೋಗಿ ನಿಮ್ಮ ಅಂಚೆ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನೆಚ್ಚಿ ಮಾತ್ರ ಪ್ರತಿಗಳ ಸಂಖ್ಯೆ ನಿರ್ಧರಿಸಬೇಡಿ. ಕಥೆ, ಕವಿತೆ ತರುವ ಪ್ರಕಾಶಕರೇ ಆ ಹಣಕ್ಕಾಗಿ ಕಾದು ಬಳಲಿರುವುದನ್ನು ಕಂಡಿದ್ದೇನೆ.

ಉತ್ತರ: ಮಂಗಳವಾರದ ಆಟ

ನಾನು ಕೊಂಡವರ ಪೈಕಿ ಒಬ್ಬ. ಶಿವಮೊಗ್ಗದಲ್ಲಿ ವಾರಕ್ಕೊಮ್ಮೆ ನಿಮ್ಮ ಆಟ ನಡೆಸುತ್ತೇನೆ. ಪುಸ್ತಕದಲ್ಲಿದ್ದ ಒಂದೇ ಪ್ರಸಂಗ ಮೂರು ವಾರಕ್ಕೆ ಮುಗಿಯಿತು. ಆಮೇಲೆ ಪ್ರತಿ ವಾರ ಹೊಸದನ್ನು ಕಟ್ಟುವುದು ಕಚೇರಿಯ ಕೆಲಸದ ನಡುವೆ ಸಾಧ್ಯವಾಗದೆ ಕಳೆದ ತಿಂಗಳು ಎರಡು ಮಂಗಳವಾರ ಆಟವೇ ನಿಂತಿತು. ಆಟ ನಿಂತ ಮೇಜಿನಿಂದ ಇನ್ನೊಬ್ಬರಿಗೆ ಸುದ್ದಿ ಹೋಗುವುದಿಲ್ಲ.

ಇನ್ನೊಂದು ಕೋರಿಕೆ. ನೀವು ಜೊತೆಗೆ ಕೊಟ್ಟ ಪಿಡಿಎಫ್‌ನಲ್ಲಿ "ಗಾಯ" ಎಂದು ಹುಡುಕಿದರೆ ಏನೂ ಸಿಗುವುದಿಲ್ಲ; ನಕಲಿಸಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಬಹುಶಃ ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸದಲ್ಲಿ ಪುಟಗಳನ್ನು ಮಾಡಿದ್ದಾರೆ. ಆಟದ ನಡುವೆ ನಾಲ್ವರು ಕಾಯುತ್ತಿರುವಾಗ ಒಂದು ನಿಯಮ ಹುಡುಕಲು 120 ಪುಟ ತಿರುವಬೇಕಾಗುತ್ತದೆ. ಬೆಲೆಯನ್ನು ₹700 ಮಾಡಿದರೂ ನಾನು ಕೊಳ್ಳುತ್ತಿದ್ದೆ, ಆದರೆ ನನ್ನ ಮೇಜಿನಲ್ಲಿರುವ ಇಬ್ಬರು ವಿದ್ಯಾರ್ಥಿಗಳು ಕೊಳ್ಳಲಾರರು. ಅವರಿಗಾಗಿ ನಾಲ್ಕು ಪುಟದ ನಿಯಮಸಾರವೊಂದನ್ನು ಉಚಿತವಾಗಿ ಕೊಟ್ಟು, ಪೂರ್ತಿ ಪುಸ್ತಕದ ಬೆಲೆಯನ್ನು ಧೈರ್ಯವಾಗಿ ಏರಿಸಿ.

ಮರುಮಾತು: ಪಗಡೆಹಾಸು

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ₹5,800 ಕಡಿಮೆ ಬೀಳುವ ಲೆಕ್ಕವನ್ನು ನಾವಿಬ್ಬರೂ ನಿನ್ನೆ ರಾತ್ರಿ ಕಾಗದದ ಮೇಲೆ ಮತ್ತೆ ಮಾಡಿ ನೋಡಿದೆವು. ಹದಿನಾಲ್ಕು ತಿಂಗಳಲ್ಲಿ ಒಮ್ಮೆಯೂ ಹಾಗೆ ಕೂಡಿಸಿ ನೋಡಿರಲಿಲ್ಲ. ಎರಡನೆಯ ಆವೃತ್ತಿ, ಪೆಟ್ಟಿಗೆ ಎರಡನ್ನೂ ಕೈಬಿಟ್ಟಿದ್ದೇವೆ. ಅಂಗಡಿಗಳಿಗೆ ಹೊಸದಾಗಿ ಪ್ರತಿ ಕಳಿಸುವುದನ್ನು ನಿಲ್ಲಿಸಿ, ಇರುವ 290ನ್ನು ನೇರವಾಗಿಯೇ ಮಾರುತ್ತೇವೆ. 32 ಪುಟದ ಮೊದಲ ಪ್ರಸಂಗಕ್ಕೆ ಹಸ್ತಪ್ರತಿ ಅರ್ಧ ಸಿದ್ಧವಿದೆ; 200 ಪ್ರತಿ ಮಾತ್ರ, ಸೆಂಟರ್ ಪಿನ್, ಬೆಲೆ ₹150. ಪಿಡಿಎಫ್ ಅನ್ನು ಯೂನಿಕೋಡ್‌ನಲ್ಲಿ ಮತ್ತೆ ಜೋಡಿಸಲು ವಿನ್ಯಾಸಕರು ಒಪ್ಪಿದ್ದಾರೆ, ಆದರೆ ಕೋಷ್ಟಕಗಳಲ್ಲಿ ಒತ್ತಕ್ಷರಗಳು ಕೆಳಗಿನ ಗೆರೆಗೆ ತಾಗುತ್ತಿರುವುದರಿಂದ ಪ್ರತಿಯೊಂದನ್ನೂ ಕೈಯಿಂದ ಸರಿಪಡಿಸಬೇಕಂತೆ. ಒಂದು ತಿಂಗಳು ಕೇಳಿದ್ದಾರೆ.

ಶಿವಮೊಗ್ಗದ ಸದಸ್ಯರಲ್ಲಿ ಒಂದು ವಿನಂತಿ: ಪ್ರಸಂಗದ ಕರಡನ್ನು ಅಚ್ಚಿಗೆ ಕೊಡುವ ಮೊದಲು ನಿಮ್ಮ ಮೇಜಿನಲ್ಲಿ ಒಮ್ಮೆ ಆಡಿಸಿ ನೋಡಬಹುದೇ? ಬರುವ ಮಂಗಳವಾರದೊಳಗೆ ಕಳಿಸಿಕೊಡುತ್ತೇನೆ.