ಲೋಡ್ ಮುಟ್ಟಿತಾ?

"ಜಪಾನಿನವರು 1,808 ಕಿ.ಮೀ. ದೂರಕ್ಕೆ ಸೆಕೆಂಡಿಗೆ 1.02 ಪೆಟಾಬಿಟ್ ಡೇಟಾ ಕಳಿಸಿದ್ದಾರೆ ಕಣೋ," ಎಂದ ಸತೀಶ, ತಟ್ಟೆ ಇಡ್ಲಿಗೆ ಚಟ್ನಿ ಬಳಿಯುತ್ತಾ.

"ಪೆಟಾ ಅಂದ್ರೆ?" ಜಯಣ್ಣನಿಗೆ ಮಂಡ್ಯದಲ್ಲಿ ಬೆಲ್ಲದ ಮಂಡಿ ಇದೆ. ಲೆಕ್ಕ ಸಿಗದೆ ಇಡ್ಲಿ ಇಳಿಯಲ್ಲ.

"100 ಎಂಬಿಪಿಎಸ್ ಕನೆಕ್ಷನ್ ಇರೋ ಒಂದು ಕೋಟಿ ಮನೆಯವರು ಒಟ್ಟಿಗೇ ಡೌನ್‌ಲೋಡ್‌ಗೆ ಕೂತರೂ ಸಾಲುತ್ತೆ."

"ನಮ್ಮನೇಲಿ ಇಬ್ಬರು ಕೂತರೇ ಸಾಲಲ್ಲ."

ಇದು 2025ರ ಸುದ್ದಿ. ಜಪಾನಿನ ಸರ್ಕಾರಿ ಸಂಶೋಧನಾ ಸಂಸ್ಥೆ ಎನ್‌ಐಸಿಟಿ ಮತ್ತು ಸುಮಿಟೊಮೊ ಎಲೆಕ್ಟ್ರಿಕ್ ಕಂಪನಿ ಸೇರಿ ಮಾಡಿದ ಕೆಲಸ. ಡೇಟಾ ಬೆಳಕಾಗಿ ಓಡುವ ಗಾಜಿನ ಎಳೆಯ (ಆಪ್ಟಿಕಲ್ ಫೈಬರ್) ದಪ್ಪ ಈಗ ಬಳಸುವುದರಷ್ಟೇ, 0.125 ಮಿಲಿಮೀಟರ್. ಒಳಗೆ ಬೆಳಕು ಓಡುವ ದಾರಿ ಮಾತ್ರ ಒಂದರ ಬದಲು 19.

"ಒಂದರ ಬೆಳಕು ಪಕ್ಕದ್ದಕ್ಕೆ ನುಗ್ಗಲ್ವಾ?"

"ನುಗ್ಗುತ್ತೆ. ಆ ಕಡೆ ಲೆಕ್ಕ ಹಾಕಿ ಬಿಡಿಸ್ತಾರೆ."

ಜಯಣ್ಣನ ಗುಮಾನಿ ಹೋಗಲಿಲ್ಲ. "ಅಷ್ಟುದ್ದ ಕೇಬಲ್ ಎಳೆದ್ರಾ?"

ಸತೀಶ ಗಂಟಲು ಸರಿಮಾಡಿಕೊಂಡ. "ಇಲ್ಲ, 86.1 ಕಿ.ಮೀ. ಎಳೆ. ಅದರಲ್ಲೇ 21 ಸುತ್ತು ಹೊಡೆಸಿದ್ರು."

"ನೋಡ್ದಾ! ಸುಮ್ನೆ ಮೀಟರ್ ಓಡಿಸಿದ್ದಾರೆ!"

ಹಾಗೇನಿಲ್ಲ. ಸುತ್ತು ಹೊಡೆದಂತೆಲ್ಲ ಬೆಳಕು ಸೊರಗುತ್ತದೆ, ಮತ್ತೆ ಬಲ ತುಂಬಬೇಕು. ದೂರ ದೂರವೇ. ಆದರೂ ನನಗೆ ಹಳೆಯ ದಾಖಲೆಯೇ ಜಾಸ್ತಿ ಇಷ್ಟ. 2003ರಲ್ಲಿ ಜಿನೀವಾದ ಭೌತವಿಜ್ಞಾನ ಪ್ರಯೋಗಾಲಯ ಸೆರ್ನ್ ಮತ್ತು ಅಮೆರಿಕದ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದವರು ಸೇರಿ, ಸುಮಾರು 7,000 ಕಿ.ಮೀ. ದೂರಕ್ಕೆ, ಅರ್ಧ ಗಂಟೆಯೊಳಗೆ 1.1 ಟೆರಾಬೈಟ್ ಮುಟ್ಟಿಸಿದ್ದರು.

"ಅಂಥಾ ದೂರಕ್ಕೆ ಕಳಿಸೋವಾಗ ಕೇಬಲ್ ಒಂದೇ ಚೆನ್ನಾಗಿದ್ರೆ ಸಾಲದು," ಎಂದೆ, ಆ ಕಥೆ ಹೇಳಿ. "ಟಿಸಿಪಿ ಅಂತ ಕಳಿಸೋ ಪದ್ಧತಿ ಇದೆ. ಒಂದಿಷ್ಟು ಕಳಿಸಿ, 'ಮುಟ್ಟಿತು' ಅಂತ ಉತ್ತರ ಬರೋ ತನಕ ಕಾಯುತ್ತೆ. ಬೆಳಕು ಗಾಜಿನಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಅಷ್ಟೇ ಓಡೋದು. ದೂರ ಹೆಚ್ಚಿದಷ್ಟೂ ಕಾಯೋದು ಹೆಚ್ಚು. ಮಧ್ಯೆ ಒಂದು ತುಣುಕು ಕಳೆದುಹೋದರೆ ಆಗೆಲ್ಲ ವೇಗ ಅರ್ಧಕ್ಕಿಳಿಸ್ತಿತ್ತು."

ಜಯಣ್ಣನ ಮುಖ ಅರಳಿತು. "ಥೇಟ್ ನಮ್ಮಪ್ಪ! ಮುಂಬೈಗೆ ಒಂದು ಲೋಡ್ ಬೆಲ್ಲ ಕಳಿಸಿದ್ರೆ, ಮುಟ್ಟಿತು ಅಂತ ಫೋನ್ ಬರೋ ತನಕ ಇನ್ನೊಂದು ಲಾರಿ ಬಿಡ್ತಿರ್ಲಿಲ್ಲ. ನಾಲ್ಕು ಅಚ್ಚು ಒಡೆದಿತ್ತು ಅಂದ್ರೆ ಮುಂದಿನ ಸಲ ಅರ್ಧ ಲೋಡ್. ಸರಿ, ಆ ಸೆರ್ನ್‌ನವರೇನು ಮಾಡಿದ್ರು?"

"ಉತ್ತರ ಬರೋಕೆ ಮುಂಚೆಯೇ ದಂಡಿಯಾಗಿ ಹೊರಡಿಸಿದ್ರು."

"ಅಂದ್ರೆ ಉದ್ರಿ."

"ಹೂಂ, ಒಂಥರಾ ಉದ್ರಿ."

ಜಯಣ್ಣ ಕೈ ತೊಳೆದು ಗಲ್ಲಾದ ಕಡೆ ತಿರುಗಿದ. "ಕೇಳಿಸ್ತಾ ಗುರು? ದೊಡ್ಡ ವಿಜ್ಞಾನಿಗಳೇ ಉದ್ರಿ ಮಾಡ್ತಾರೆ. ಇವತ್ತಿಂದು ಬರ್ಕೋ."

ಗಲ್ಲಾದವನು ತಲೆ ಎತ್ತಲಿಲ್ಲ. "ಮೊದಲು ಹೋದ ವಾರದ್ದು ಮುಟ್ಟಲಿ ಅಣ್ಣಾ."