ನಿವೇಶನ ಎತ್ತರಿಸಲು ಮಣ್ಣು: ಏಳು ಲೋಡೋ, ಒಂಬತ್ತು ಲೋಡೋ?

ಪ್ರಶ್ನೆ:
12 ಮೀಟರ್ ಉದ್ದ, 9 ಮೀಟರ್ ಅಗಲದ ತಗ್ಗು ನಿವೇಶನವನ್ನು 60 ಸೆಂಟಿಮೀಟರ್ ಎತ್ತರಿಸಬೇಕಾಗಿದ್ದು, ಲೆಕ್ಕಕ್ಕೆ ಸುಮಾರು 65 ಘನ ಮೀಟರ್ ಬರುತ್ತದೆ. 10 ಘನ ಮೀಟರ್ ಹಿಡಿಯುವ ಟಿಪ್ಪರ್‌ನಲ್ಲಿ ಏಳು ಲೋಡ್ ಸಾಕೆಂದು ಒಬ್ಬ ಮಾರಾಟಗಾರರು ಹೇಳಿದರೆ, ಒಂಬತ್ತು ಇಲ್ಲದೆ ಆಗದು ಎನ್ನುತ್ತಾರೆ ಇನ್ನೊಬ್ಬರು. ಯಾರ ಮಾತನ್ನು ನಂಬಲಿ? ಪಾಯ ತೋಡಿದ ಮಣ್ಣನ್ನೂ ಇದಕ್ಕೇ ಬಳಸಬಹುದೇ?

ಉತ್ತರ 1:
ಒಂಬತ್ತು ಎಂದವರ ಲೆಕ್ಕವೇ ಸರಿ. ನೆಲದಲ್ಲಿ ಒತ್ತಾಗಿ ಕೂತಿದ್ದ ಮಣ್ಣನ್ನು ಅಗೆದಾಗ ಹೆಂಟೆಗಳ ನಡುವೆ ಗಾಳಿ ಸೇರಿ ಅದು ಉಬ್ಬುತ್ತದೆ. ಮರಳು ಮಣ್ಣು ಸಾಮಾನ್ಯವಾಗಿ ಶೇ. 10ರಿಂದ 15ರಷ್ಟು, ಜೇಡಿಮಣ್ಣು ಶೇ. 20ರಿಂದ 40ರಷ್ಟು. ಟಿಪ್ಪರ್‌ನಲ್ಲಿ ಬರುವುದು ಈ ಸಡಿಲ ಮಣ್ಣು, ನಿಮಗೆ ಬೇಕಿರುವುದು ರೋಲರ್ ಹೊಡೆದ ಮೇಲಿನ 65 ಘನ ಮೀಟರ್. ಸಡಿಲ ಮಣ್ಣು ಕಾಲು ಭಾಗ ಕುಗ್ಗುತ್ತದೆಂದು ಹಿಡಿದರೂ 86 ಘನ ಮೀಟರಿಗೆ ಕಡಿಮೆ ಸಾಲದು. ಆದ್ದರಿಂದ ದರ ಮಾತಾಡುವ ಮೊದಲೇ, ಹೇಳುತ್ತಿರುವ ಅಳತೆ ಸಡಿಲ ಮಣ್ಣಿನದೋ ಗಟ್ಟಿ ಮಾಡಿದ ಮಣ್ಣಿನದೋ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ.

ಉತ್ತರ 2:
ಮೇಲಿನ ಮಾತಿಗೆ ಒಂದು ಸೇರಿಸುತ್ತೇನೆ. ‘ಲೋಡ್’ ಎಂಬುದು ಅಳತೆಯೇ ಅಲ್ಲ. ಟಿಪ್ಪರ್ ತೊಟ್ಟಿಯ ಒಳಗಿನ ಉದ್ದ, ಅಗಲ, ಎತ್ತರಗಳನ್ನು ನೀವೇ ಟೇಪ್ ಹಿಡಿದು ಅಳೆದುಕೊಳ್ಳಿ. ಮಣ್ಣು ಅಂಚಿನ ಮಟ್ಟಕ್ಕಿದೆಯೇ, ರಾಶಿ ಏರಿದೆಯೇ, ಮೂಲೆಗಳು ಖಾಲಿ ಉಳಿದಿವೆಯೇ ಎಂಬುದನ್ನು ಸುರಿಯುವ ಮುನ್ನವೇ ನೋಡಿ. ತೂಕದ ಲೆಕ್ಕದಲ್ಲಿ ಕೊಳ್ಳುವುದಾದರೆ, ಮಳೆ ಬಂದ ಮರುದಿನ ಮಣ್ಣಿನ ಬೆಲೆಯಲ್ಲಿ ನೀರನ್ನೂ ಕೊಂಡಂತಾಗುತ್ತದೆ.

ಉತ್ತರ 3:
ಪಾಯದ ಮಣ್ಣಿನ ಬಗ್ಗೆ: ಬೇರು, ಕಸ, ಕೊಳೆತ ಎಲೆಗಳಿರುವ ಮೇಲ್ಪದರವನ್ನು ಭರ್ತಿಗೆ ಖಂಡಿತ ಹಾಕಬೇಡಿ. ಅದು ಕೊಳೆತು ಕುಸಿದರೆ ನೆಲಹಾಸು ಬಿರುಕು ಬಿಡುತ್ತದೆ. ಅದನ್ನು ಬೇರೆಯಾಗಿ ರಾಶಿ ಹಾಕಿದರೆ ತೋಟ ಮಾಡುವವರಿಗೆ ಮಾರಬಹುದು. ನೀರು ಕುಡಿದು ಉಬ್ಬುವ, ಒಣಗಿದಾಗ ಬಾಯಿ ಬಿಡುವ ಎರೆಮಣ್ಣೂ ಕಟ್ಟಡದ ಕೆಳಗೆ ಬೇಡ. ಮೇಲ್ಪದರದ ಕೆಳಗೆ ಸಿಗುವ ಮರಳುಮಿಶ್ರಿತ ಮಣ್ಣು ಚೆನ್ನಾಗಿದ್ದರೆ ಧಾರಾಳವಾಗಿ ಬಳಸಿ. ಅಷ್ಟು ಸಾಗಣೆ ಖರ್ಚು ಉಳಿಯಿತು. ಎಲ್ಲವನ್ನೂ ಒಮ್ಮೆಗೇ ಸುರಿಯದೆ, 15–20 ಸೆಂಟಿಮೀಟರ್ ಪದರಗಳಲ್ಲಿ ಹರಡಿ, ಹದವಾಗಿ ನೀರು ಚಿಮುಕಿಸಿ, ಪ್ರತಿ ಪದರವನ್ನೂ ರೋಲರ್‌ನಿಂದ ಗಟ್ಟಿ ಮಾಡಿಸಿ. ಹಿಡಿಯಲ್ಲಿ ಅದುಮಿದಾಗ ಉಂಡೆ ನಿಲ್ಲಬೇಕು, ಕೈಗೆ ಅಂಟಬಾರದು. ನೀರಿನ ಹದಕ್ಕೆ ಸ್ಥಳದಲ್ಲಿ ಇದೇ ಗುರುತು. ಟಿಪ್ಪರ್‌ಗಳು ಬರುವ ದಿನವೇ ರೋಲರ್ ಕೂಡ ಸ್ಥಳದಲ್ಲಿರುವಂತೆ ಮಾತಾಡಿಕೊಳ್ಳಿ.