ಸಹಾಯ ಬೇಕು: ಕಾಸರಗೋಡಿನಲ್ಲಿ ವೀರ್ಯ ಪರೀಕ್ಷೆ ಮಾಡುವ ಲ್ಯಾಬ್
ಮಾದರಿ ಕೊಡಲು ಪ್ರತ್ಯೇಕ ಕೋಣೆ ಇರುವ ಲ್ಯಾಬ್ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಮಾದರಿ 1 ಗಂಟೆಯೊಳಗೆ, ಮೈಯ ಬಿಸಿ ಆರದಂತೆ ತಲುಪಬೇಕು. ತಣ್ಣಗಾದರೆ ವೀರ್ಯಾಣುಗಳ ಚಲನೆ ಕಡಿಮೆ ಕಾಣುತ್ತದೆ. ಬದಿಯಡ್ಕದಿಂದ ಬಸ್ಸಲ್ಲಿ ಮಂಗಳೂರಿಗೆ ಒಯ್ಯುವುದು ಆಗದ ಮಾತು.

ಪರೀಕ್ಷೆ ಮಾಡಿಸಬೇಕಾದವರು ಮಗುವಿಗಾಗಿ ಕಾಯುತ್ತಿದ್ದಾರೆ, ಗಂಟುವಾತಕ್ಕೆ ಸಲ್ಫಾಸಲಜೀನ್ ಎಂಬ ಮದ್ದು ತೆಗೆದುಕೊಳ್ಳುತ್ತಿದ್ದಾರೆ. ಅದು ವೀರ್ಯಾಣುಗಳ ಸಂಖ್ಯೆ, ಚಲನೆ ಎರಡನ್ನೂ ಕುಗ್ಗಿಸಬಹುದು. ವೈದ್ಯರು ಮದ್ದು ಬದಲಿಸಿದರೆ ಸಾಮಾನ್ಯವಾಗಿ 2–3 ತಿಂಗಳಲ್ಲಿ ಸರಿಹೋಗುತ್ತದೆ. ಹೊಸ ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕಲ್ಲ. ಹಾಗಾಗಿ ಈಗೊಮ್ಮೆ, ಮೂರು ತಿಂಗಳು ಕಳೆದು ಇನ್ನೊಮ್ಮೆ ಪರೀಕ್ಷೆ. ಎರಡು ಸಲವೂ ಪರೀಕ್ಷೆಗೆ ಮೊದಲು 2–7 ದಿನ ವೀರ್ಯ ಹೊರಹೋಗದಂತೆ ಸಂಯಮ.

ದಯವಿಟ್ಟು ಟೆಸ್ಟೋಸ್ಟೆರಾನ್ (ಗಂಡಸರ ಹಾರ್ಮೋನ್) ಇಂಜೆಕ್ಷನ್ ಸೂಚಿಸಬೇಡಿ, ಅದು ವೀರ್ಯಾಣು ಉತ್ಪತ್ತಿಯನ್ನೇ ತಡೆಯುತ್ತದೆ. ಲ್ಯಾಬಿನಲ್ಲಿ ಕನ್ನಡ ಬಲ್ಲವರಿದ್ದರೆ ಅದನ್ನೂ ಬರೆಯಿರಿ.